ಜಿಲೇಬಿ ಮೀನು, ಕರಿ ಕಂಬಳಿ

ಮೀನಿಗೆ ಬಣ್ಣ ಹಾಕಿ ಮಾರುವವರು ಇದ್ದಾರೆ. ಸಣ್ಣ ಸೂಜಿಯಿಂದ ಅದರ ಮೈಯೊಳಗೆ ಗುಲಾಬಿ, ಹಸಿರು, ನೀಲಿ ಬಣ್ಣ ಸೇರಿಸುತ್ತಾರೆ. ಕೆಲವು ತಿಂಗಳಿಗೆ ಬಣ್ಣ ಹೋಗುತ್ತದೆ, ಅಷ್ಟರೊಳಗೆ ಬಹಳಷ್ಟು ಮೀನುಗಳೂ ಹೋಗಿರುತ್ತವೆ. ನನ್ನ ಅಂಗಡಿಯಲ್ಲಿ ಅಂಥ ಒಂದು ಮೀನೂ ಇವತ್ತಿನವರೆಗೆ ಈಜಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಿತ್ತೂರಿನ ಹತ್ತಿರದ ಒಂದು ಶಾಲೆಯಲ್ಲಿ, ಹತ್ತು ಜನರ ಮುಂದೆ, ನಾನು ಮೀನಿಗೆ ಬಣ್ಣ ಹಚ್ಚಿದ್ದೇನೆ ಅಂತ ಒಬ್ಬ ಹೇಳಿದ. ಹೇಳಿದವನು ಯಾರೋ ಹೊರಗಿನವನಾಗಿದ್ದರೆ ನಾನು ಇದನ್ನು ಬರೆಯಲು ಕೂಡುತ್ತಲೇ ಇರಲಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಗಾಜಿನ ಅಂಗಡಿ. ಅಬ್ಬಾ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದರು, ಕಿಟಕಿಗಳಿಗೆ ಗಾಜು ಕತ್ತರಿಸಿ ಕೊಡುತ್ತಿದ್ದರು. ಉಳಿದ ತುಂಡುಗಳನ್ನು ಅಂಟಿಸಿ ನಾನು ಮೀನಿನ ತೊಟ್ಟಿ ಮಾಡಲು ಶುರುಮಾಡಿದೆ. ತೊಟ್ಟಿ ಒಯ್ದವರು ಮೀನೂ ಕೊಡು ಅಂದರು. ಹಾಗೆ ಅಂಗಡಿಗೆ ಮೀನು ಬಂದವು. ಗಾಜಿನ ಜೊತೆ ಕೆಲಸ ಮಾಡುವವನಿಗೆ ತಾಳ್ಮೆ ಬೇಕು, ಅದು ನನ್ನ ಕೈಯಲ್ಲಿದೆ. ನಾಲಿಗೆಯಲ್ಲಿಲ್ಲ. ದೊಡ್ಡವರ ಮುಂದೆ ನಿಂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಅಷ್ಟರೊಳಗೆ ದೊಡ್ಡವರು ಎದ್ದು ಹೋಗಿರುತ್ತಾರೆ.

ಅದಕ್ಕೇ ನನಗೊಬ್ಬ ಪಾಲುದಾರನಿದ್ದ. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವನು ಬಿ.ಎಸ್ಸಿ. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ಆ ಶಾಲೆ ಮುಚ್ಚಿದ ಮೇಲೆ ನನ್ನ ಅಂಗಡಿಗೆ ಬಂದ. ಎಲ್ಲರೂ ಅವನನ್ನು ಮಾಸ್ತರ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಜಾತಿಯವನು. ಮೊದಲ ದಿನವೇ ಅವನು, "ಕೈ ನಿಂದು, ಮಾತು ನಂದು" ಅಂದ. ಇಬ್ಬರ ನಡುವೆ ಇದ್ದ ಕರಾರು ಅಷ್ಟೇ. ಗಿರಾಕಿ ಜೊತೆ ಅವನು ಮಾತಾಡುತ್ತಿದ್ದ, ಹಿಂದೆ ನಿಂತು ನಾನು ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದೆ. ಹದಿನೈದು ವರ್ಷ ಹೀಗೇ ನಡೆಯಿತು, ಚೆನ್ನಾಗಿಯೇ ನಡೆಯಿತು.

ಕಿತ್ತೂರು ಕಡೆಯ ಆ ಶಾಲೆಯ ಕೆಲಸ ತಂದವನೂ ಅವನೇ. ಶಾಲೆಯಲ್ಲಿ ಹೊಸದಾಗಿ ವಿಜ್ಞಾನ ಭವನ ಕಟ್ಟುತ್ತಿದ್ದರು. ಚೇರಮನ್ನರು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರು. ಸಮುದ್ರದ ತಳದಲ್ಲಿ ಒಂದು ಚಪ್ಪಟೆ ಮೀನು ಮರಳಿನ ಮೇಲೆ ಮರಳಾಗುತ್ತದೆ, ಹರಳಿನ ಮೇಲೆ ಹರಳಾಗುತ್ತದೆ. ಅಂಥ ಮೀನು ಬೇಕು, ಎಂಟು ಅಡಿ ಉದ್ದದ ತೊಟ್ಟಿ ಬೇಕು, ಹುಡುಗರು ನೋಡಿ ಬಾಯಿ ತೆರೆದು ನಿಲ್ಲಬೇಕು ಅಂದರಂತೆ. ನಾನು ಅಲ್ಲಿಯವರೆಗೆ ಮಾಡಿದ ದೊಡ್ಡ ತೊಟ್ಟಿ ನಾಲ್ಕು ಅಡಿಯದು. ಮಾಸ್ತರ ಹೇಳಿದ: "ಹಾಲ್‌ನಾಗ ತೊಟ್ಟಿ ಬಾಜೂಕ ಫಲಕ ಹಾಕ್ತಾರ. ಅದರಾಗ ನಿಮ್ಮ ಅಬ್ಬಾನ ಅಂಗಡಿ ಹೆಸರು ಇರತೈತಿ. ಬರಸೂದು ನನಗ ಬಿಡು."

ಅಬ್ಬಾ ಜೀವನಪೂರ್ತಿ ಬೇರೆಯವರ ಫೋಟೋಗಳಿಗೆ ಕಟ್ಟು ಹಾಕಿದವರು. ಅವರ ಹೆಸರು ಒಂದು ಗೋಡೆಯ ಮೇಲೆ ಬರುತ್ತದೆ ಅಂದರೆ ನಾನು ಸಮುದ್ರವನ್ನೇ ತೊಟ್ಟಿಯಲ್ಲಿ ತುಂಬಿಸಿಕೊಡಲು ತಯಾರಿದ್ದೆ.

ಆದರೆ ಸಮುದ್ರದ ಮೀನು ನಮ್ಮ ಕಡೆ ಬಾಳುವುದಿಲ್ಲ. ಉಪ್ಪುನೀರು ಹದ ಮಾಡಬೇಕು, ನೀರಿನ ತಂಪು ಕಾಯಬೇಕು, ಒಂದು ದಿನ ಕರೆಂಟು ಕೈಕೊಟ್ಟರೆ ಎಲ್ಲ ಮುಗಿಯಿತು. ಮಾಸ್ತರ ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ಮಾದರಿಗೆ ಅಂತ ಆರು ಮೀನು ತಂದ. ಬೆರಳುದ್ದದವು, ಗಾಜಿನಂಥ ಮೈ, ಬೆನ್ನಿನ ಮೇಲೆ ಗುಲಾಬಿ ಗೆರೆ. ಬೆಳಕಿಗೆ ಹಿಡಿದು ನೋಡಿದೆ. ಬೆನ್ನಿನ ಎರಡೂ ಬದಿಗೆ ಸೂಜಿ ಚುಚ್ಚಿದ ಗುರುತು ಕಂಡಿತು. ಇವು ಬೇಡ ಅಂದೆ. ಉದ್ಘಾಟನೆ ಮುಗಿಯುವ ತನಕ ಇದ್ದರೆ ಸಾಕಲ್ಲ, ಆಮೇಲೆ ಯಾರು ಕೇಳುತ್ತಾರೆ ಅಂತ ಅವನು ವಾದಿಸಿದ. ನಾನು ಆ ಆರೂ ಮೀನುಗಳನ್ನು ಚೀಲದ ಸಮೇತ ಅವನ ಕೈಗೆ ಕೊಟ್ಟು, ಕೊಟ್ಟವರಿಗೆ ವಾಪಸು ಕೊಟ್ಟು ಬಾ ಅಂದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಪುಸ್ತಕದವರು ತಿಲಾಪಿಯಾ ಅನ್ನುವ ನಮ್ಮ ಜಿಲೇಬಿ ಮೀನಿಗೂ ಸಲ್ಲುತ್ತದೆ. ಮಲಪ್ರಭೆಯ ನೀರಿನಲ್ಲಿ ಎಲ್ಲಿ ಬಲೆ ಬೀಸಿದರೂ ಸಿಗುವ ಮೀನು ಅದು. ಸಂತೆಯಲ್ಲಿ ಅದಕ್ಕೆ ಕಿಮ್ಮತ್ತಿಲ್ಲ. ಆದರೆ ಜೀವಂತ ಜಿಲೇಬಿಯನ್ನು ಒಂದು ದಿನ ಕೂತು ನೋಡಿದವನಿಗೆ ಅದರ ಬೆಲೆ ಗೊತ್ತು. ಎರಡು ಗಂಡುಗಳು ಜಾಗಕ್ಕಾಗಿ ಬಾಯಿಗೆ ಬಾಯಿ ಕೊಟ್ಟು ನೂಕಾಡುತ್ತವೆ. ಗೆದ್ದದ್ದು ಮೈಯೆಲ್ಲ ಕಪ್ಪಾಗಿ, ಗಲ್ಲ ಮಾತ್ರ ಬಿಳಿಯಾಗಿ, ರೆಕ್ಕೆಯ ಅಂಚಿನಲ್ಲಿ ಕೆಂಪು ಮೂಡಿ ಮೆರೆಯುತ್ತದೆ. ಸೋತದ್ದು ನೋಡುನೋಡುತ್ತಲೇ ಬೂದಿ ಬಣ್ಣಕ್ಕಿಳಿದು, ಮೈಮೇಲೆ ಪಟ್ಟಿ ಎಳೆದುಕೊಂಡು ಮೂಲೆ ಸೇರುತ್ತದೆ. ಮರುದಿನ ಜಾಗ ಬದಲಾದರೆ ಬಣ್ಣವೂ ಬದಲು. ಬಿಳಿ ತಳದ ಮೇಲೆ ಬಿಟ್ಟರೆ ಎಲ್ಲವೂ ಬಿಳಿಚಿಕೊಳ್ಳುತ್ತವೆ, ಕರಿ ತಳದ ಮೇಲೆ ಬಿಟ್ಟರೆ ಕಪ್ಪಗಾಗುತ್ತವೆ. ಇದರ ಕಾರಣವನ್ನು ನನಗೆ ಪುಸ್ತಕದಿಂದ ಓದಿ ಹೇಳಿದವನು ಮಾಸ್ತರನೇ. ಮೀನಿನ ಚರ್ಮದಲ್ಲಿ ಕರಿ ಬಣ್ಣದ ಸಣ್ಣ ಸಣ್ಣ ಚೀಲಗಳಿರುತ್ತವಂತೆ. ಬಣ್ಣ ಚೀಲದ ತುಂಬ ಹರಡಿದರೆ ಮೀನು ಕಪ್ಪು, ನಡುವಿಗೆ ಮುದುಡಿದರೆ ಬಿಳಿಚು. ತಳ ಎಂಥದ್ದು ಅಂತ ಕಣ್ಣು ನೋಡಿ ಹೇಳಿದಂತೆ ಮೈ ಕೇಳುತ್ತದೆ.

ತೊಟ್ಟಿಗೆ ಜಿಲೇಬಿಯನ್ನೇ ಬಿಡುವುದು ಅಂತ ಗೊತ್ತುಮಾಡಿಕೊಂಡು ಇಬ್ಬರೂ ಮನೋಳಿಗೆ ಹೋದೆವು. ಹೊಳೆ ದಂಡೆಯ ಮೇಲೆ ನನಗೆ ಗುರುತಿನ ಒಬ್ಬ ಅಂಬಿಗರ ಕಾಕಾ ಇದ್ದಾರೆ. ಅವರು ಬಲೆ ಎಳೆದು, ಗಾಯವಾಗದ ಗಂಡುಗಳನ್ನು ಆರಿಸಿ ಡ್ರಮ್ಮಿಗೆ ಹಾಕಿದರು. ದಂಡೆಯ ಹತ್ತಿರ ತಿಳಿನೀರಿನಲ್ಲಿ, ಬಿಳಿ ಮಳಲಿನ ಮೇಲೆ ಒಂದು ಕರಿ ಮೀನು ನಿಂತಿತ್ತು. ಸುತ್ತಲಿನವೆಲ್ಲ ಮಳಲಿನ ಬಣ್ಣಕ್ಕೆ ತಿರುಗಿ ಕಾಣದಂತಾಗಿದ್ದವು, ಅದೊಂದು ಮಾತ್ರ ಎದ್ದು ಕಾಣುತ್ತಿತ್ತು. ಮಾಸ್ತರ ಅದನ್ನು ತೋರಿಸಿ, ಎಷ್ಟು ಚೆಂದ ಐತಿ ಅಂದ. ಕಾಕಾ ನಕ್ಕರು.

"ಚೆಂದ ಅಲ್ಲಪಾ ಅದು. ಬಿಳೇ ಮಳಲಾಗ ಕರಿ ಮೀನ ಕಂಡ್ರ ಅದರ ಕಣ್ಣ ಹೋಗ್ಯಾವು ಅಂತ ತಿಳಕೋ. ತಳಾ ಕಾಣೂದಿಲ್ಲ, ಮೈ ಬದಲಿ ಮಾಡೂದಿಲ್ಲ. ಕೊಕ್ಕರಿ ಮೊದಲ ಅದನ್ನ ಎತ್ತತೈತಿ."

ಇದನ್ನು ನಾವಿಬ್ಬರೂ ಕೇಳಿದೆವು. ಡ್ರಮ್ಮಿನ ಒಂದು ಕಡೆ ನಾನಿದ್ದೆ, ಇನ್ನೊಂದು ಕಡೆ ಅವನಿದ್ದ.

ಮನೆಯ ಹಿತ್ತಲಲ್ಲಿ ನನ್ನದೊಂದು ಕರಿ ತೊಟ್ಟಿ ಇದೆ. ಸಿಮೆಂಟಿನ ತೊಟ್ಟಿಗೆ ಕರಿ ಆಕ್ಸೈಡ್ ಹಾಕಿ ನುಣ್ಣಗೆ ತಿಕ್ಕಿದ್ದು. ಯಾವ ಮೀನನ್ನಾದರೂ ಗಿರಾಕಿಗೆ ತೋರಿಸುವ ಮೊದಲು ಮೂರು ವಾರ ಅದರಲ್ಲಿ ಬಿಡುವುದು ನನ್ನ ರೂಢಿ. ಬಣ್ಣ ಗಟ್ಟಿಯಾಗಿ ಕೂಡುತ್ತದೆ. ಇಳಕಲ್ ಸೀರೆ ಮಾರುವವರು ಒಳ್ಳೆಯ ದೀಪದ ಕೆಳಗೆ ಸೆರಗು ಬಿಚ್ಚುತ್ತಾರಲ್ಲ, ಅದರಂತೆಯೇ ಇದು. ಮೋಸವಲ್ಲ. ಆದರೆ ಮನೆಗೆ ಒಯ್ದ ಮೇಲೂ ಹಾಗೇ ಕಾಣಬೇಕಾದರೆ ಹಿಂದೆ ಕರಿ ಹಾಳೆ, ಕೆಳಗೆ ಕರಿ ಹರಳು ಇರಬೇಕು ಅಂತ ಹೇಳಿ ಕಳಿಸಬೇಕು. ಪ್ರತಿ ಸಲ ಅದನ್ನು ಹೇಳುತ್ತಿದ್ದವನು ಮಾಸ್ತರ. ಮಾತು ಅವನದಲ್ಲವೇ.

ಮನೋಳಿಯ ಹನ್ನೊಂದು ಜಿಲೇಬಿಗಳು ಆ ತೊಟ್ಟಿಯಲ್ಲಿ ಎರಡು ವಾರಕ್ಕೇ ಕಳೆಗಟ್ಟಿದವು. ಒಂದು ದೊಡ್ಡ ಗಂಡು ಎಲ್ಲಕ್ಕಿಂತ ಕಪ್ಪಾಗಿತ್ತು. ಉಳಿದವು ಜಗಳದಲ್ಲಿ ಸೋತಾಗ ಬಣ್ಣ ಇಳಿಸುತ್ತಿದ್ದವು, ಇದು ಮಾತ್ರ ಯಾವತ್ತೂ ಇಳಿಸಲಿಲ್ಲ. ಕಾಳು ಹಾಕಿದಾಗ ಎಲ್ಲಕ್ಕಿಂತ ಕಡೆಗೆ ಬರುತ್ತಿತ್ತು. ರಾಜಠೀವಿ ಇರಬೇಕು ಅಂದುಕೊಂಡೆ. ಹದಿನೈದು ವರ್ಷ ಮೀನು ಸಾಕಿದವನ ಬುದ್ಧಿ ಅಷ್ಟಕ್ಕೇ ನಿಂತಿತು. ಕರಿ ತೊಟ್ಟಿಯಲ್ಲಿ ಎಲ್ಲವೂ ಕಪ್ಪಗೇ ಇರುತ್ತವಲ್ಲ, ಯಾವುದು ನೋಡಿ ಕಪ್ಪಾಗಿದೆ, ಯಾವುದು ನೋಡಲಾಗದೆ ಕಪ್ಪಾಗಿದೆ ಅಂತ ಹೇಗೆ ತಿಳಿಯಬೇಕು? ಚೇರಮನ್ನರು ಬಂದು ನೋಡಿದರು. ಅದೇ ಮೀನನ್ನು ತೋರಿಸಿ, "ಇದು ರಾಜಾ ಐತಿ ನೋಡ್ರಿ" ಅಂದರು. ಮಾಸ್ತರ ಜೋರಾಗಿ ನಕ್ಕ.

ಅವರು ಹೋದ ಮೇಲೆ ಮಾಸ್ತರನಿಗೆ ಬಿಡಿಸಿ ಹೇಳಿದೆ. ಹಿಂದೆ ಕಪ್ಪು ಇರಬೇಕು, ತಳದಲ್ಲಿ ಕಪ್ಪು ಇರಬೇಕು, ಬಿಳಿ ಇಟ್ಟರೆ ಅರ್ಧ ತಾಸಿನಲ್ಲಿ ಮೀನೆಲ್ಲ ಸಪ್ಪೆಯಾಗುತ್ತವೆ, ಇದನ್ನು ಚೇರಮನ್ನರಿಗೆ ಇವತ್ತೇ ತಿಳಿಸು ಅಂದೆ.

"ಹೇಳ್ತೇನಿ ದೋಸ್ತ. ಆ ಚಿಂತಿ ನಂದು."

ಆಮೇಲೆ ಗಾಜಿನ ಕೆಲಸ ಹಿಡಿದೆ. ಹನ್ನೆರಡು ಎಂ.ಎಂ. ದಪ್ಪದ ಗಾಜು. ಅಂಚು ತಿಕ್ಕಿ, ಸ್ಪಿರಿಟ್ಟಿನಿಂದ ಒರೆಸಿ, ಶಾಲೆಯ ಭವನದಲ್ಲೇ ನಿಲ್ಲಿಸಿ ಸಿಲಿಕೋನ್ ಹಾಕಿದೆ. ಒಂದು ವಾರ ಒಣಗಲು ಬಿಟ್ಟು ನೀರು ತುಂಬಿಸಿದರೆ ಮೂರನೆಯ ದಿನ ಎಡಮೂಲೆಯಲ್ಲಿ ತೇವ ಕಂಡಿತು. ಹನಿಯಲ್ಲ, ಬೆರಳಿಟ್ಟರೆ ಒದ್ದೆ, ಅಷ್ಟೇ. ಆದರೆ ಗಾಜಿನಲ್ಲಿ ಇವತ್ತಿನ ಒದ್ದೆ ನಾಳಿನ ಹೊಳೆ. ನೀರೆಲ್ಲ ತೆಗೆದೆ, ಬ್ಲೇಡಿನಿಂದ ಹಳೆಯ ಅಂಟು ಕೆರೆದೆ, ಮತ್ತೆ ಅಂಟಿಸಿ ಮತ್ತೊಂದು ವಾರ ಕಾಯ್ದೆ. ಬೋರ್‌ವೆಲ್ಲಿನ ನೀರನ್ನು ಗಾಳಿ ಬಿಟ್ಟು ಹದಕ್ಕೆ ತಂದೆ. ಉದ್ಘಾಟನೆಗೆ ಎರಡೇ ದಿನ ಉಳಿದಾಗ ತೊಟ್ಟಿ ಗಟ್ಟಿಯಾಗಿ ನಿಂತಿತು.

ಕಡೆಯ ಸಲ ನೋಡಲು ಹೋದಾಗ ತೊಟ್ಟಿಯ ಬೆನ್ನಿಗೆ ಬಿಳಿ ಫ್ಲೆಕ್ಸ್ ಅಂಟಿಸಿದ್ದರು. ತಳದಲ್ಲಿ ಬಿಳಿ ಮಾರ್ಬಲ್ ಹರಳು ಸುರಿದಿದ್ದರು. ಮೇಲೆ ಬಿಳಿ ದೀಪಗಳು. ಚೇರಮನ್ನರ ಮನೆಯವರಿಗೆ ಬಿಳಿ ಇಷ್ಟವಂತೆ, ಅದು ಶಾಂತವಾಗಿ ಕಾಣುತ್ತದಂತೆ. ನಾನು ಮಾಸ್ತರನನ್ನು ಕೇಳಿದೆ. ಹೇಳಿದ್ದೇನೆ, ನಾಳೆ ಬದಲಿಸುತ್ತಾರೆ, ನೀ ಸುಮ್ಮನೆ ಕೆದಕಬೇಡ ಅಂದ. ಚೇರಮನ್ನರ ಕೋಣೆ ಅಲ್ಲಿಂದ ಮೂವತ್ತು ಹೆಜ್ಜೆ. ನಾನು ಹೋಗಲಿಲ್ಲ. ಹದಿನೈದು ವರ್ಷದ ರೂಢಿ ಕಾಲು ಕಟ್ಟಿತು. ಈ ತಪ್ಪು ನನ್ನದೇ, ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಟೆಂಪೋದಲ್ಲಿ ಡ್ರಮ್ಮುಗಳನ್ನು ಇಟ್ಟುಕೊಂಡು, ಬ್ಯಾಟರಿ ಪಂಪಿನಿಂದ ಗಾಳಿ ಬಿಡುತ್ತ ಕಿತ್ತೂರಿನ ದಾರಿ ಹಿಡಿದೆವು. ಭವನಕ್ಕೆ ಹೋದರೆ ಫ್ಲೆಕ್ಸ್ ಹಾಗೇ ಇತ್ತು, ಹರಳೂ ಹಾಗೇ ಇತ್ತು. ಮಾಸ್ತರ ನನ್ನ ಮುಖ ನೋಡದೆ ಫೋನು ಹಿಡಿದು ಹೊರಗೆ ಹೋದ. ಅತಿಥಿಗಳು ಬರಲು ಎರಡು ತಾಸು ಇತ್ತು. ಕೆಲಸದವರು ಕುರ್ಚಿ ಹಾಕುತ್ತಿದ್ದರು, ಯಾರನ್ನು ಕೇಳಿದರೂ ನಮಗೆ ಗೊತ್ತಿಲ್ಲ ಅಂದರು. ಡ್ರಮ್ಮಿನಲ್ಲಿ ಮೀನು ಬಹಳ ಹೊತ್ತು ಇಡುವಂತಿರಲಿಲ್ಲ. ತೊಟ್ಟಿಯ ನೀರನ್ನು ಮಗ್ಗಿನಿಂದ ಡ್ರಮ್ಮಿಗೆ ಸ್ವಲ್ಪ ಸ್ವಲ್ಪ ಬೆರೆಸಿ, ಒಂದೊಂದಾಗಿ ಬಿಟ್ಟೆ.

ಅರ್ಧ ತಾಸೂ ಬೇಕಾಗಲಿಲ್ಲ. ಹತ್ತು ಮೀನುಗಳು ಕಣ್ಣೆದುರೇ ಕಪ್ಪು ಬಿಟ್ಟು, ಬೂದಿಯಾಗಿ, ಕಡೆಗೆ ಬಿಳಿ ಹರಳಿನ ಮೇಲೆ ಇದ್ದೂ ಇಲ್ಲದಂತಾದವು. ಅವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು. ರಾಜಾ ಮಾತ್ರ ನಡುವೆ ಕರ್ರಗೆ ನಿಂತಿತ್ತು.

ಆಗ ಚೇರಮನ್ನರು ಬಂದರು. ಹಿಂದೆ ಮೂರು ನಾಲ್ಕು ಶಿಕ್ಷಕರು, ಕಟ್ಟಡದ ಗುತ್ತಿಗೆದಾರ, ಇನ್ನೂ ಕೆಲವರು. ಅವರ ಜೊತೆ ಮಾಸ್ತರನೂ ಒಳಗೆ ಬಂದ. ತೊಟ್ಟಿ ನೋಡಿದ ಚೇರಮನ್ನರ ಮುಖ ಇಳಿಯಿತು. ಬೈಲಹೊಂಗಲದಲ್ಲಿ ತೋರಿಸಿದ ಮೀನು ಇವಲ್ಲ ಅಂದರು. ಅವೇ ಅಂದೆ. ಹಾಗಾದರೆ ಬಣ್ಣ ಎಲ್ಲಿ ಹೋಯಿತು ಅಂತ ಕೇಳಿದರು. ನನಗೆ ಎಂದಿನಂತೆ ಮೊದಲು ಸಿಟ್ಟು ಬಂದಿತು, ಮಾತು ಬರಲಿಲ್ಲ. ನಾನು ಮಾಸ್ತರನ ಕಡೆ ನೋಡಿದೆ. ಮಾತು ಅವನದಲ್ಲವೇ.

ಅವನು ತಲೆ ತಗ್ಗಿಸಿಕೊಂಡು ಹೇಳಿದ:

"ಸರ್, ನಾ ಇವಗ ಹೇಳಿದ್ದೆರಿ, ಬಣ್ಣಾ ಗಿಣ್ಣಾ ಹಚ್ಚೂದು ಬ್ಯಾಡ ಅಂತ. ಕೇಳಲಿಲ್ಲ. ನೋಡ್ರಿ, ಆ ಒಂದರ ಮ್ಯಾಲ ಇನ್ನೂ ಹಂಗ ಕುಂತೇತಿ. ಉಳಿದವೆಲ್ಲ ತೊಳದು ಹೋಗ್ಯಾವು."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿ ನಿಂತ. ಯಾರೋ ಹಿಂದಿನಿಂದ, ಈ ಮಂದಿ ಹಂಗ ಬಿಡ್ರಿ ಅಂದರು. ಯಾವ ಮಂದಿ ಅಂತ ನಾನು ಕೇಳಲಿಲ್ಲ. ಬಣ್ಣ ಹಾಕಿದ ಮೀನು ತಂದವನು ಅವನು, ಬೇಡ ಅಂದವನು ನಾನು. ಅದೇ ಮಾತನ್ನು ಮಗುಚಿ ನನ್ನ ಮೇಲೆ ಹಾಕಿದ್ದ. ಅದಕ್ಕಿಂತ ಹೆಚ್ಚು ನೋವಾದದ್ದು ಅವನು ಆ ಕರಿ ಮೀನಿಗೆ ಬೆರಳು ತೋರಿಸಿದ್ದಕ್ಕೆ. ಅವನ ಬೆರಳು ಅತ್ತ ಹೋದಾಗಲೇ ನನಗೆ ಮನೋಳಿಯ ದಂಡೆ ನೆನಪಾಯಿತು, ಕಾಕಾನ ಮಾತು ನೆನಪಾಯಿತು. ಬಿಳಿ ತಳದ ಮೇಲೆ ಕರಿ ಮೀನು. ಅವನಿಗೂ ನೆನಪಿತ್ತು. ನೆನಪಿದ್ದೇ ಸುಳ್ಳು ಹೇಳಿದ.

ಚೇರಮನ್ನರು, ನಿನ್ನ ಮೀನು ತೆಗೆದುಕೊಂಡು ಹೋಗು, ನಾವು ಖಾಲಿ ತೊಟ್ಟಿಯಲ್ಲಿ ಬರೀ ದೀಪ ಹಚ್ಚುತ್ತೇವೆ ಅಂದರು. ಹೋಗಿಬಿಡಬಹುದಿತ್ತು. ಅಥವಾ ಹುಬ್ಬಳ್ಳಿಯ ಆರು ಮೀನಿನ ಕತೆ ಎತ್ತಿ ಅವನ ಜೊತೆ ಅಲ್ಲೇ ಕುಸ್ತಿಗೆ ಇಳಿಯಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಅವನ ಮಾತಿಗೆ ನನ್ನ ಮಾತು ಎದುರಾದರೆ ಗೆಲ್ಲುವವನು ಅವನೇ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಬಗ್ಗೆ ಒಂದು ಅಕ್ಷರ ಆಡಬಾರದು, ಮೀನಿನ ಬಗ್ಗೆ ಮಾತ್ರ ಆಡಬೇಕು ಅಂತ ನಿರ್ಧಾರ ಮಾಡಿದೆ. ಚೇರಮನ್ನರ ಎದುರು ನಿಂತು ಮೊದಲ ಸಲ ನಾನೇ ಬಾಯಿ ಬಿಟ್ಟೆ.

"ಸಾಹೇಬ್ರ, ಇಪ್ಪತ್ತು ಮಿನಿಟ ಕೊಡ್ರಿ. ಬಣ್ಣಾ ಹಚ್ಚಿದ್ದು ಖರೇ ಆದ್ರ ಬೈಲಹೊಂಗಲದಾಗ ನನ್ನ ಅಂಗಡಿ ಬಾಗಲಾ ನಾಳಿಂದ ತಗಿಯೂದಿಲ್ಲ."

ಗೌಂಡಿಗಳು ಸಿಮೆಂಟು ಕಲಸಲು ಇಟ್ಟುಕೊಂಡಿದ್ದ ಒಂದು ಕರಿ ರಬ್ಬರ್ ಬುಟ್ಟಿ ಮೂಲೆಯಲ್ಲಿ ಬಿದ್ದಿತ್ತು. ತಿಕ್ಕಿ ತೊಳೆದೆ. ಇನ್ನೊಂದು ಬಿಳಿ ಪ್ಲಾಸ್ಟಿಕ್ ಟಬ್ಬು ಅಡುಗೆಯವರಿಂದ ತಂದೆ. ಎರಡಕ್ಕೂ ತೊಟ್ಟಿಯದೇ ನೀರು ತುಂಬಿಸಿದೆ. ಚೇರಮನ್ನರಿಗೆ ನೀವೇ ಆರಿಸಿ ಅಂದೆ. ಅವರು ತೋರಿಸಿದ ಎರಡು ಬಿಳಿಚಿದ ಮೀನುಗಳನ್ನು ಬಲೆಯಿಂದ ಎತ್ತಿ, ಒಂದನ್ನು ಕರಿ ಬುಟ್ಟಿಗೆ, ಒಂದನ್ನು ಬಿಳಿ ಟಬ್ಬಿಗೆ ಬಿಟ್ಟೆ. ಹತ್ತು ನಿಮಿಷ ಕಾದೆವು. ಬುಟ್ಟಿಯ ಮೀನಿನ ಬೆನ್ನು ಮೊದಲು ಕಂದಿತು, ಆಮೇಲೆ ಪಕ್ಕೆ ಕಪ್ಪಾಯಿತು. ಟಬ್ಬಿನದು ಬಿಳಿಯಾಗಿಯೇ ಉಳಿಯಿತು. ಈಗ ಅದಲುಬದಲು ಮಾಡಿದೆ. ಕಪ್ಪಾದದ್ದು ಟಬ್ಬಿನಲ್ಲಿ ಬಿಳಿಚಿಕೊಂಡಿತು, ಬಿಳಿಯದು ಬುಟ್ಟಿಯಲ್ಲಿ ಕಪ್ಪಾಯಿತು. ಒಬ್ಬ ಶಿಕ್ಷಕರು ಮಂಡಿಯೂರಿ ಕೂತು ನೋಡತೊಡಗಿದರು.

"ಹಂಗಾರ ಆ ರಾಜಾ ಯಾಕ ಬದಲಾಗವಲ್ತು?" ಚೇರಮನ್ನರು ಕೇಳಿದರು.

ನಾನು ಅವರ ಬಿಳಿ ಕರವಸ್ತ್ರ ಕೇಳಿ ತೆಗೆದುಕೊಂಡು, ಒದ್ದೆ ಮಾಡಿ, ರಾಜಾನನ್ನು ಬಲೆಯಲ್ಲಿ ಹಿಡಿದು ಮೆಲ್ಲಗೆ ಒರೆಸಿದೆ. ಕರವಸ್ತ್ರಕ್ಕೆ ಲೋಳೆ ಹತ್ತಿತು, ಬಣ್ಣ ಹತ್ತಲಿಲ್ಲ. ಮತ್ತೆ ತೊಟ್ಟಿಗೆ ಬಿಟ್ಟು, ಗಾಜಿಗೆ ತಾಗದಂತೆ ನನ್ನ ಅಂಗೈಯನ್ನು ಥಟ್ಟನೆ ಮುಂದೆ ತಂದೆ. ಉಳಿದ ಮೀನುಗಳೆಲ್ಲ ಚದುರಿ ಓಡಿದವು. ರಾಜಾ ನಿಂತಲ್ಲೇ ನಿಂತಿತ್ತು. ಹತ್ತಿರದಿಂದ ನೋಡಿದರೆ ಅದರ ಕಣ್ಣುಗಳಲ್ಲಿ ಅಕ್ಕಿ ತೊಳೆದ ನೀರಿನಂಥ ಪೊರೆ ಇತ್ತು.

"ಇದಕ್ಕ ಕಣ್ಣಿಲ್ರೀ" ಅಂದೆ. "ತಳಾ ಬಿಳೇದ ಐತಿ ಅನ್ನೂದು ಇದಕ್ಕ ಗೊತ್ತಿಲ್ಲ. ಅದಕ್ಕ ಹಂಗ ಐತಿ."

ಚೇರಮನ್ನರು ಬಗ್ಗಿ ಅದರ ಕಣ್ಣು ನೋಡಿದರು. ಆಮೇಲೆ, ಬಿಳಿ ಇಡಬಾರದು ಅಂತ ನಮಗೆ ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದರು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಮಾಸ್ತರ ಮುಂದೆ ಬಂದ. ಅದನ್ನೇ ನಾನು ಹೇಳಲು ಬಂದಿದ್ದೆ ಸರ್, ಇವನಿಗೆ ವಿವರಿಸಲು ಬರುವುದಿಲ್ಲ ಅಂದ. ಆಮೇಲೆ ಇಂಗ್ಲಿಷಿನಲ್ಲಿ ಆ ಕರಿ ಬಣ್ಣದ ಚೀಲಗಳ ಹೆಸರು ಹೇಳಿದ, ಅದು ಹರಡುವ ರೀತಿ ಹೇಳಿದ. ಐದು ನಿಮಿಷದಲ್ಲಿ ಚೇರಮನ್ನರು ಅವನ ಹೆಗಲ ಮೇಲೆ ಕೈ ಹಾಕಿದ್ದರು. ಅವನು ಸುಳ್ಳು ಹೇಳಿದ್ದನ್ನು ಹತ್ತು ಜನ ಕೇಳಿದ್ದರು, ಆದರೆ ಯಾರಿಗೂ ಅದು ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕರಿ ಮೀನು, ಅದೂ ಒಂದು ತಾಸಿನೊಳಗೆ.

ಮಾಡಿಕೊಟ್ಟೆ. ಯಾಕೆ ಮಾಡಿಕೊಟ್ಟೆ ಅಂತ ಮನೆಯಲ್ಲಿ ಹೆಂಡತಿ ಇವತ್ತಿಗೂ ಬೈಯುತ್ತಾಳೆ. ತೊಟ್ಟಿ ನನ್ನದು, ಮೀನು ನಾನು ಸಾಕಿದ್ದು, ಫಲಕದ ಮೇಲೆ ಅಬ್ಬಾನ ಹೆಸರು ಬರುವುದಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ. ಕಟ್ಟಡದ ಕೆಲಸದಲ್ಲಿ ಉಳಿದ ಕರಿ ಕಡಪಾ ಕಲ್ಲಿನ ತುಂಡುಗಳನ್ನು ತೊಳೆದು ಬಿಳಿ ಹರಳಿನ ಮೇಲೆ ಹಾಸಿದೆ. ಬೆನ್ನಿನ ಫ್ಲೆಕ್ಸ್ ಕಿತ್ತು ತೆಗೆದೆ. ಕರಿ ಹಾಳೆ ಎಲ್ಲೂ ಸಿಗಲಿಲ್ಲ. ವಾಚ್‌ಮನ್ ತನ್ನ ಕರಿ ಕಂಬಳಿ ಕೊಟ್ಟ. ಉಣ್ಣೆಗೆ ಟೇಪು ಹಿಡಿಯಲಿಲ್ಲ, ಹೊಸ ಗೋಡೆಗೆ ಮೊಳೆ ಹೊಡೆಯಲು ಬಿಡಲಿಲ್ಲ. ಕಡೆಗೆ ತೊಟ್ಟಿಯ ಹಿಂದಿನ ಸಣ್ಣ ಓಣಿಯಲ್ಲಿ ನಾನೇ ಎರಡೂ ಕೈ ಮೇಲೆತ್ತಿ ಕಂಬಳಿ ಹಿಡಿದು ನಿಂತೆ.

ಅತಿಥಿಗಳು ಬಂದಾಗ ಹತ್ತೂ ಮೀನುಗಳು ಕಪ್ಪೇರಿದ್ದವು. ನನಗೆ ಕಾಣುತ್ತಿದ್ದದ್ದು ಕಂಬಳಿಯ ಒಳಮೈ ಮಾತ್ರ. ಕುರಿಯ ವಾಸನೆ, ಬೆವರು. ಆ ಕಡೆಯಿಂದ ಮಾಸ್ತರನ ದನಿ ಕೇಳುತ್ತಿತ್ತು. ತಾನು ಜಿಲೇಬಿಯನ್ನೇ ಯಾಕೆ ಆರಿಸಿದೆ, ಗೆದ್ದ ಮೀನು ಹೇಗೆ ಗಲ್ಲ ಬಿಳಿ ಮಾಡುತ್ತದೆ, ಬಣ್ಣ ಚುಚ್ಚಿದ ಮೀನು ತರುವುದು ಪಾಪ ಅಂತ ತಾನು ಮೊದಲ ದಿನವೇ ಹೇಗೆ ಹಟ ಹಿಡಿದೆ ಅಂತ ವಿವರಿಸುತ್ತಿದ್ದ. ನಾನು ಆಡಿದ ಮಾತುಗಳನ್ನು ಒಂದೊಂದಾಗಿ ಅವನ ಬಾಯಲ್ಲಿ ಕೇಳಿದೆ. ನಾನು ಆಡಿದ್ದಕ್ಕಿಂತ ಚೆನ್ನಾಗಿಯೇ ಆಡಿದ. ಚಪ್ಪಾಳೆ ಬಿತ್ತು. ಕಂಬಳಿ ಕೆಳಗೆ ಬಿಟ್ಟು ಬಿಡಬೇಕು ಅನಿಸಿತು. ಅನಿಸಿತು ಅಷ್ಟೇ, ಬಿಡಲಿಲ್ಲ. ಬಿಟ್ಟರೆ ಮೀನು ಬೆದರುತ್ತಿದ್ದವು.

ಜನ ಊಟಕ್ಕೆ ಎದ್ದ ಮೇಲೆ ಮುಂದೆ ಬಂದು ಫಲಕ ನೋಡಿದೆ. ಕಲ್ಲಿನಲ್ಲಿ ಕೊರೆದದ್ದು, ಅಂದರೆ ವಾರದ ಹಿಂದೆಯೇ ಬರೆಸಿದ್ದು. ದಾನಿಗಳ ಹೆಸರಿನ ಕೆಳಗೆ, ಮೀನುಮನೆಯ ವಿನ್ಯಾಸ ಮತ್ತು ಮಾರ್ಗದರ್ಶನ ಅಂತ ಅವನ ಹೆಸರಿತ್ತು. ಅಬ್ಬಾನ ಅಂಗಡಿಯ ಹೆಸರು ಎಲ್ಲೂ ಇರಲಿಲ್ಲ. ಎರಡು ಸಲ ಓದಿದೆ.

ಗೇಟಿನ ಹತ್ತಿರ ಅವನು ನನ್ನನ್ನು ತಡೆದ. ಅವನ ಮಗಳಿಗೆ ಆ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಕೊಡುವುದಾಗಿ ಚೇರಮನ್ನರು ಹೇಳಿದ್ದರಂತೆ, ಇನ್ನೂ ಕಾಗದ ಕೈಗೆ ಬಂದಿಲ್ಲವಂತೆ. ಬಿಳಿ ಬೇಡ ಅಂತ ಅವರ ಮನೆಯವರ ಇಷ್ಟಕ್ಕೆ ಎದುರು ಹೇಳಲು ಧೈರ್ಯ ಬರಲಿಲ್ಲವಂತೆ. ನಿನಗೆ ಅಂಗಡಿ ಇದೆ, ನನಗೇನಿದೆ ಅಂದ. ಮಗಳಿಗಾಗಿ ಅಂತ ಮೊದಲೇ ನನಗೆ ಹೇಳಿದ್ದರೆ ಅಂಗಡಿಯನ್ನೇ ಅರ್ಧ ಬರೆದುಕೊಡುತ್ತಿದ್ದೆ ಅಂತ ಹೇಳಬೇಕಿತ್ತು. ಟೆಂಪೋ ಕಡೆ ನಡೆದೆ. ಚೇರಮನ್ನರು ಕುರುಡು ಮೀನು ಬೇಡ, ಒಯ್ದುಬಿಡು ಅಂದಿದ್ದರು. ಮೂರು ವಾರದ ಹಿಂದೆ ಅದನ್ನೇ ರಾಜಾ ಅಂದವರು. ಅದೊಂದನ್ನೇ ಡ್ರಮ್ಮಿನಲ್ಲಿ ಇಟ್ಟುಕೊಂಡು ಒಬ್ಬನೇ ಬೈಲಹೊಂಗಲಕ್ಕೆ ಬಂದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾಸ್ತರ ಪೇಢೆಯ ಡಬ್ಬಿ ಹಿಡಿದು ಅಂಗಡಿಗೆ ಬಂದ. ಮಗಳು ಕೆಲಸಕ್ಕೆ ಸೇರಿದ್ದಳು. ನಾನು ಎತ್ತಿ ಆಡಿಸಿದ ಹುಡುಗಿ, ಅವಳ ತಪ್ಪೇನು? ಪೇಢೆ ತಿಂದೆ. ಅವನು ಕುರ್ಚಿ ಎಳೆದುಕೊಂಡು ಮೊದಲಿನ ಹಾಗೇ ಕೂತ. ರಾಮದುರ್ಗದಲ್ಲಿ ಚೇರಮನ್ನರ ಇನ್ನೊಂದು ಶಾಲೆ ಇದೆ, ಅಲ್ಲೂ ತೊಟ್ಟಿ ಬೇಕಂತೆ, ತಾನು ಮಾತಾಡಿ ಬಂದಿದ್ದೇನೆ ಅಂದ. ನಾನು ಗಾಜಿನ ಅಂಚು ತಿಕ್ಕುತ್ತಲೇ ಇದ್ದೆ. ಅವನು ಮೆಲ್ಲಗೆ ಹೇಳಿದ:

"ಅವತ್ತ ನನಗ ನಿನ್ನ ಮ್ಯಾಲ ಭರೋಸಾ ಇತ್ತು ದೋಸ್ತ. ನೀ ಹೆಂಗರೆ ಮಾಡಿ ಪಾರಾಗ್ತಿ ಅಂತ."

"ನನಗೂ ನಿನ್ನ ಮ್ಯಾಲ ಭರೋಸಾ ಇತ್ತು" ಅಂದೆ. "ರಾಮದುರ್ಗಕ್ಕ ನಾ ಹೋಗಿ ಬರತೇನಿ. ಇನ್ನ ಮ್ಯಾಲ ಮಾತೂ ನಾನ ಆಡತೇನಿ."

ಅವನು ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟು ಎದ್ದ. ಹೋಗುವಾಗ ಬಾಗಿಲ ಹತ್ತಿರದ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತ. ಒಳಗೆ ಬಿಳಿ ಹರಳಿನ ಮೇಲೆ ಆ ಕರಿ ಮೀನು ಇತ್ತು. ಅವನು ಕೈಯನ್ನು ಗಾಜಿನ ಹತ್ತಿರ ತಂದ, ಅದು ಅಲುಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಪೇಟೆಗೆ ಇಳಿದು ಹೋದ.

ಆಮೇಲೆ ಮೀನಿಗೆ ಕಾಳು ಹಾಕುವ ಹೊತ್ತಾಯಿತು. ಹಾಕಿದ ಕಾಳು ಅದಕ್ಕೆ ಕಾಣುವುದಿಲ್ಲ. ನೀರನ್ನು ಬೆರಳಿನಿಂದ ಎರಡು ಸಲ ತಟ್ಟಬೇಕು, ಆಗ ಮೇಲೆ ಬರುತ್ತದೆ. ತಟ್ಟಿದೆ, ಬಂದಿತು.